ಬೆಟ್ಟಕ್ಕೊಂದು ಲಗೇಜ್ ಟಿಕೆಟ್

ಬಸ್ಸಿನ ಕಂಡಕ್ಟರ್ ನಮ್ಮ ಗೋಣಿಚೀಲದ ಗಂಟನ್ನು ಕಾಲಿನಿಂದ ಮೆಲ್ಲಗೆ ತಳ್ಳಿ ನೋಡಿದ.

"ಇದೇನಕ್ಕ, ಬಾಗಿಲಾ ಕಿಟಕಿಯಾ?"

"ಬೆಟ್ಟ" ಅಂದಳು ನನ್ನ ತಂಗಿ.

ಕಂಡಕ್ಟರ್ ಅವಳ ಮುಖ ನೋಡಿದ, ನನ್ನ ಮುಖ ನೋಡಿದ. ನಗಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ. "ಬೆಟ್ಟಕ್ಕೆ ಲಗೇಜ್ ಟಿಕೆಟ್ ಆಗುತ್ತೆ" ಅಂತ ಹೇಳಿ ಹರಿದು ಕೊಟ್ಟು ಮುಂದೆ ಹೋದ.

ಅವಳು ಹೇಳಿದ್ದು ಸುಳ್ಳೇನಲ್ಲ. ಗೋಣಿಯೊಳಗೆ ಐದು ಹಲಗೆಗಳಿದ್ದವು, ಒಂದೊಂದೂ ಮೊಳದುದ್ದ. ಐದನ್ನೂ ಸೇರಿಸಿಟ್ಟರೆ ನಡುವೆ ಒಂದು ಬೋಗುಣಿಯಷ್ಟು ಗುಳಿ, ಸುತ್ತ ಐದು ಇಳಿಜಾರು. ಇಪ್ಪತ್ತೆರಡು ದಿನ ಕೂತು ನಾನು ಮಾಡಿದ್ದು. ಬಡಗಿಯಾಗಿ ಮೂವತ್ತು ವರ್ಷದಲ್ಲಿ ತೊಟ್ಟಿಲು ಮಾಡಿದ್ದೇನೆ, ಗಾಡಿ ಮಾಡಿದ್ದೇನೆ, ಒಬ್ಬ ಪುಣ್ಯಾತ್ಮನಿಗೆ ಕೋಳಿ ಹತ್ತಲು ಏಣಿಯನ್ನೂ ಮಾಡಿಕೊಟ್ಟಿದ್ದೇನೆ. ಬೆಟ್ಟ ಮಾಡಿದ್ದು ಅದೇ ಮೊದಲು.

ನನ್ನ ತಂಗಿಯನ್ನು ಊರವರು ಚಕ್ರದಕ್ಕ ಅನ್ನುತ್ತಾರೆ, ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಅಂತ. ಅವಳ ಕೆಲಸವೇ ಅಂಥದ್ದು. ಪೇಟೆಯಲ್ಲಿ ಒಂದು ಧರ್ಮದ ಟ್ರಸ್ಟ್ ಇದೆ. ಎಣ್ಣೆ ಗಿರಣಿ ನಡೆಸುತ್ತಿದ್ದ ಯಜಮಾನರೊಬ್ಬರು ಮಾಡಿಟ್ಟುಹೋದದ್ದು. ಟ್ರಸ್ಟಿನವರು ಹಳ್ಳಿಗಳಿಗೆ ಏನು ಕೊಡುತ್ತಾರೋ ಅದು ಸರಿಯಾಗಿ ತಲುಪಿತೇ, ಉಳಿಯಿತೇ ಅಂತ ನಡೆದು ನೋಡಿ ಬರುವುದು ಇವಳ ಪಾಲಿನದು. ಒಂಬತ್ತು ವರ್ಷದಿಂದ ನೋಡುತ್ತಿದ್ದಳು. ತಲುಪುತ್ತಿತ್ತು. ಉಳಿಯುತ್ತಿರಲಿಲ್ಲ.

ಒಂದು ವರ್ಷ ಸಸಿ ಕೊಡುತ್ತಿದ್ದರು. ಸಸಿ ನೆಟ್ಟು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಮರುವರ್ಷ ಕನ್ನಡಕ, ಅದರ ಮರುವರ್ಷ ಸೈಕಲ್. ಅಷ್ಟರಲ್ಲಿ ಸಸಿ ಆಡಿನ ಹೊಟ್ಟೆ ಸೇರಿರುತ್ತಿತ್ತು. ನಮ್ಮೂರ ಹಿಂದಿನ ಬೋಳುಬೆಟ್ಟದಲ್ಲಿ ಮಾತ್ರ ಇವಳು ಹಠ ಹಿಡಿದು, ಪ್ರತಿ ವರ್ಷ ಕಾಡಿ ಬೇಡಿ, ಒಬ್ಬ ಕಾವಲುಗಾರನನ್ನು ಉಳಿಸಿಕೊಂಡು ಬಂದಿದ್ದಳು. ಅಲ್ಲಿ ನಾಲ್ಕು ಸಾವಿರ ಗಿಡ ಮೂರು ವರ್ಷ ದಾಟಿ ಎದೆಯುದ್ದ ನಿಂತಿದ್ದವು. ಬೇರು ಬಂಡೆಯ ಸಂದಿಗಿಳಿದು, ನೆರಳು ಕೂಡಿ, ಕೆಳಗಿನ ಬತ್ತಿದ ಒರತೆಯಲ್ಲಿ ಮತ್ತೆ ನೀರು ಕಾಣಬೇಕಾದರೆ ಹದಿನೈದು ವರ್ಷ ಬೇಕು. ಇದನ್ನು ಅವಳು ಟ್ರಸ್ಟಿನ ಮುಂದೆ ಮೂರು ಸಲ ಹೇಳಿದ್ದಳು, ಗೋಡೆಗೆ ಚಾರ್ಟ್ ಅಂಟಿಸಿ, ಕೋಲು ಹಿಡಿದು. ಅವರು ತಲೆಯಾಡಿಸಿ, ಚೆನ್ನಾಗಿದೆ ಅಂದು, ಕೊನೆಗೆ "ಸದ್ಯಕ್ಕೆ ಈ ವರ್ಷದ್ದು ನೋಡೋಣ" ಅನ್ನುತ್ತಿದ್ದರು. ಈ ಸಲ ಆ ಒಂದು ವರ್ಷದ್ದೂ ಅನುಮಾನವಿತ್ತು. ಕಾವಲು ತಪ್ಪಿದರೆ ಒಂದೇ ಬೇಸಿಗೆಗೆ ಎಲ್ಲ ಮುಗಿಯುತ್ತದೆ.

"ಅವರಿಗೆ ಕಿವಿಯಲ್ಲಿ ಅರ್ಥ ಆಗಿದೆ ಅಣ್ಣ, ಕೈಗೆ ಅರ್ಥ ಆಗಿಲ್ಲ" ಅಂದಳು ಒಂದು ದಿನ, ನನ್ನ ಕೆಲಸದ ಕೊಟ್ಟಿಗೆಗೆ ಬಂದು, ಮರದ ಹೊಟ್ಟಿನ ಮೇಲೆ ಕೂತು. "ಒಂದು ಆಟ ಮಾಡಿಕೊಡು. ಹದಿನೈದು ವರ್ಷ ಒಂದೇ ಬೆಳಗ್ಗೆ ಕಳೀಬೇಕು, ಅಂಥದ್ದು."

"ದೊಡ್ಡ ಮನುಷ್ಯರ ಹತ್ರ ಮಕ್ಕಳಾಟ ತಗೊಂಡು ಹೋಗ್ತೀಯಾ?"

"ದೊಡ್ಡ ಮನುಷ್ಯರು ಮಕ್ಕಳ ಹಾಗೆ ಖರ್ಚು ಮಾಡ್ತಾರಲ್ಲ. ಈ ಸಲಾನೂ ನೋಡೋಣ ಅಂದ್ರೆ ನಾನು ಕೆಲಸ ಬಿಡ್ತೀನಿ. ಸಾಯೋ ಗಿಡ ಲೆಕ್ಕ ಹಾಕೋಕೆ ನಾನ್ಯಾಕೆ ಸುತ್ತಲಿ?"

ಅವಳು ಹೀಗೆ ಮೆತ್ತಗೆ ಹೇಳಿದರೆ ನಿಜ ಅಂತ ನನಗೆ ಗೊತ್ತು. ಚಿಕ್ಕವಳಿದ್ದಾಗಲೂ ಅಷ್ಟೇ. ಕಿರುಚಿದರೆ ಸುಮ್ಮನಿರಬಹುದಿತ್ತು, ಮೆತ್ತಗೆ ಹೇಳಿದರೆ ಅಪ್ಪನೂ ಎದ್ದು ಹೋಗಿ ಮಾಡಿಕೊಡುತ್ತಿದ್ದ.

ಆಟ ಹೀಗಿತ್ತು. ಐದು ಜನ, ಒಬ್ಬೊಬ್ಬರ ಮುಂದೆ ಒಂದು ಇಳಿಜಾರು, ಒಂದು ಬಟ್ಟಲು ಬೀಜ. ಇಳಿಜಾರಿನಲ್ಲಿ ಎರಡು ಥರದ ಗುಳಿ. ಆಳವಿಲ್ಲದ ತೇಲು ಗುಳಿಗೆ ಬೀಜ ಹಾಕಿದರೆ ಕೂಡಲೇ ಒಂದು ಕೆಂಪು ಮಣಿ ಸಿಗುತ್ತದೆ, ಬೀಜ ಹೋಗುತ್ತದೆ. ಆ ಮಣಿ ಅಂದರೆ ಚಪ್ಪಾಳೆ, ಫೋಟೋ. ಆಳದ ಗುಳಿಗೆ ಹಾಕಿದರೆ ಏನೂ ಸಿಗುವುದಿಲ್ಲ. ಮುಂದಿನ ಎರಡು ಸುತ್ತಿನಲ್ಲೂ ಅದರ ಜೊತೆಗೆ ಇನ್ನೊಂದೊಂದು ಬೀಜ ಹಾಕಿ ಕಾಪಾಡಬೇಕು, ಇಲ್ಲದಿದ್ದರೆ ಸತ್ತಂತೆ. ಕಾಪಾಡಿದರೆ ನಾಲ್ಕನೆಯ ಸುತ್ತಿನಲ್ಲಿ ಒಂದು ನೀಲಿ ಮಣಿ ಉರುಳಿ ನಡುವಿನ ಒರತೆಗೆ ಬೀಳುತ್ತದೆ. ಬೇರೆ ಬೇರೆ ಇಳಿಜಾರಿನಿಂದ ಮೂರು ನೀಲಿ ಮಣಿ ಬಿದ್ದರೆ ಒರತೆ ಬದುಕಿತು.

ಒಂದು ಸುತ್ತು ಅಂದರೆ ಮೂರು ವರ್ಷ. ಸುತ್ತು ಮುಗಿದಾಗ ಗಂಟೆ ಹೊಡೆಯುತ್ತದೆ, ಎಲ್ಲರೂ ಎದ್ದು ಪಕ್ಕದ ಜಾಗಕ್ಕೆ ಹೋಗಬೇಕು. ಕೆಂಪು ಮಣಿ ಜೇಬಿನಲ್ಲಿ ಬರುತ್ತದೆ. ಬಟ್ಟಲು, ಗುಳಿ, ಬೀಜ ಅಲ್ಲೇ ಉಳಿಯುತ್ತವೆ. ನೀನು ಬಿಟ್ಟದ್ದು ಇನ್ನೊಬ್ಬರಿಗೆ, ಇನ್ನೊಬ್ಬರು ಬಿಟ್ಟದ್ದು ನಿನಗೆ. ಪ್ರತಿ ಗಂಟೆಗೆ ಬಟ್ಟಲಿಗೆ ಎರಡು ಹೊಸ ಬೀಜ. ಐದು ಸಲ ಗಂಟೆ ಹೊಡೆದರೆ ಹದಿನೈದು ವರ್ಷ ಮುಗಿದು, ಹೊರಟವರು ಹೊರಟಲ್ಲಿಗೇ ಬಂದಿರುತ್ತಾರೆ.

ನಮ್ಮ ಜಗಲಿಯಲ್ಲಿ ನೆಲದ ಮೇಲೆ ಚಾಪೆ ಹಾಸಿ ಏಳೆಂಟು ಸಲ ಆಡಿ ನೋಡಿದೆವು. ಕುರಿ ಕಾಯುವ ಮಾವ, ಸೂಲಗಿತ್ತಿ ಅಜ್ಜಿ, ನನ್ನ ಹೆಂಡತಿ, ನಾನು, ತಂಗಿ. ಕುರಿ ಮಾವ ಎಲ್ಲ ಬೀಜವನ್ನೂ ತೇಲು ಗುಳಿಗೆ ಸುರಿದು ಮಣಿ ಎಣಿಸುತ್ತ ಎದ್ದರೆ, ಅವನ ಜಾಗಕ್ಕೆ ಜರುಗಿದ ನನ್ನ ಹೆಂಡತಿ ಖಾಲಿ ಬಟ್ಟಲು ಎತ್ತಿ ಬೋರಲು ಹಾಕಿ ತೋರಿಸಿದಳು.

"ಮಾವ, ನೀವು ಆಟದಲ್ಲೂ ಮೇಯಿಸಿಬಿಟ್ರಲ್ಲ."

"ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಬಿಡ್ತಿದ್ದೆ ಕಣಮ್ಮ."

"ನನ್ನ ಜಾಗದಲ್ಲಿ ನೀವೇ ಇದ್ರಿ. ಈಗ ತಾನೇ ಎದ್ರಿ."

ಅಷ್ಟು ಸಲ ಆಡಿದರೂ ನಮಗೆ ಒಂದು ವಿಷಯ ಹೊಳೆಯಲೇ ಇಲ್ಲ. ನಾವು ಆಡಿದ್ದು ನೆಲದ ಮೇಲೆ. ನೆಲದ ಮೇಲೆ ಪಕ್ಕಕ್ಕೆ ಜರುಗುವುದು ಅಂದರೆ ಜರುಗುವುದು ಅಷ್ಟೇ. ಪೇಟೆಯವರು ಕುರ್ಚಿಯ ಮೇಲೆ ಕೂರುತ್ತಾರೆ, ಕುರ್ಚಿಗೆ ಒಡೆಯರಿರುತ್ತಾರೆ ಅನ್ನುವುದನ್ನು, ಕುರ್ಚಿ ಮಾಡಿಯೇ ಹೊಟ್ಟೆ ಹೊರೆಯುವ ನಾನೂ ಮರೆತಿದ್ದೆ.

ಟ್ರಸ್ಟಿನ ಕೋಣೆ ಗಿರಣಿಯ ಮೇಲಂತಸ್ತಿನಲ್ಲಿತ್ತು. ಗಿರಣಿ ನಿಂತು ವರ್ಷಗಳಾಗಿದ್ದರೂ ಗೋಡೆಯಲ್ಲಿ ಎಣ್ಣೆಯ ವಾಸನೆ ಇನ್ನೂ ಇತ್ತು. ದುಂಡನೆಯ ದೊಡ್ಡ ಮೇಜು, ಸುತ್ತ ಐದು ಕುರ್ಚಿ. ನಾಲ್ಕು ಒಂದೇ ಥರದವು, ಅಂಗಡಿಯಿಂದ ತಂದವು. ಐದನೆಯದನ್ನು ಬಾಗಿಲಲ್ಲೇ ಗುರುತು ಹಿಡಿದೆ. ಎತ್ತರದ ಬೆನ್ನು, ಕೈಗಳ ತುದಿ ಹಲಸಿನೆಲೆಯ ಹಾಗೆ ಬಾಗಿದ್ದು. ಅಪ್ಪ ಮಾಡಿದ ಕುರ್ಚಿ. ಯಜಮಾನರಿಗೆ ಮಾಡಿಕೊಟ್ಟಿದ್ದ ಅಂತ ಕೇಳಿದ್ದೆ, ನೋಡಿರಲಿಲ್ಲ. ಅದರಲ್ಲಿ ಯಜಮಾನರ ಹೆಂಡತಿ ಕೂತಿದ್ದರು. ಎಪ್ಪತ್ತೆಂಟರ ಹೆಂಗಸು, ಎಲ್ಲರ ಬಾಯಲ್ಲೂ ದೊಡ್ಡಮ್ಮ. ಉಳಿದ ನಾಲ್ವರು ಅವರ ಅಳಿಯ, ಒಬ್ಬ ಡಾಕ್ಟರು, ಒಬ್ಬ ವಕೀಲರು, ನಿವೃತ್ತ ಹೆಡ್‌ಮೇಡಂ.

ತಂಗಿ ನಿಯಮ ಹೇಳಿದಳು. ವಕೀಲರು ಒಮ್ಮೆ ಕೇಳಿಯೇ ಎಲ್ಲ ಹಿಡಿದುಕೊಂಡು, "ಸುಲಭ ಇದೆ" ಅಂದರು. ಮೊದಲ ಸುತ್ತು ನಡೆಯಿತು. ಗಂಟೆ ಬಾರಿಸಿದಳು. ನಾಲ್ವರು ಎದ್ದರು. ದೊಡ್ಡಮ್ಮನ ಎಡಗಡೆಯಲ್ಲಿದ್ದ ವಕೀಲರು ಆ ಕುರ್ಚಿಯ ಪಕ್ಕಕ್ಕೆ ಬಂದು ನಿಂತರು, ನಿಂತೇ ಇದ್ದರು.

ಯಾಕೆ ಅಂತ ಆಮೇಲೆ ಗೊತ್ತಾಯಿತು. ಯಜಮಾನರ ಕಾಲದಿಂದ ಆ ಕುರ್ಚಿಯಲ್ಲಿ ಬೇರೆಯವರು ಕೂತದ್ದಿಲ್ಲ. ದೊಡ್ಡಮ್ಮ ಹುಷಾರಿಲ್ಲದೆ ಬಾರದ ದಿನ ಅದು ಖಾಲಿಯೇ ಇರುತ್ತದೆ, ಮೀಟಿಂಗು ಅದರ ಎದುರಿಗೇ ನಡೆಯುತ್ತದೆ.

"ಜನ ಯಾಕೆ ಏಳಬೇಕು? ಹಲಗೇನ ತಿರುಗಿಸಿದ್ರೆ ಆಯ್ತಪ್ಪ" ಅಂದ ಅಳಿಯ. "ಬಡಗಿ ಇಲ್ಲೇ ಇದಾರಲ್ಲ."

"ಹಲಗೆ ತಿರುಗಿದ್ರೆ ಆಗಲ್ಲ ಸಾರ್. ಎದ್ದು ಹೋಗೋದೇ ಆಟ" ಅಂದಳು ತಂಗಿ, ಮೆತ್ತಗೆ.

ದೊಡ್ಡಮ್ಮ ಕೈ ಎತ್ತಿದರು. "ನನ್ನ ಮಂಡಿ ಹತ್ತು ವರ್ಷದಿಂದ ಬೇರೆ ಆಟ ಆಡ್ತಿದೆ. ನೀವು ಸುತ್ತಿ. ನಾನು ಇಲ್ಲೇ ಇರ್ತೀನಿ."

ತಂಗಿ ನನ್ನ ಕಡೆ ನೋಡಿದಳು. ಆ ನೋಟ ನನಗೆ ಗೊತ್ತು. ಕೈ ತಪ್ಪಿ ಉಳಿ ಎಲ್ಲಿ ಜಾರಿತೋ ಅಲ್ಲಿಂದಲೇ ಮತ್ತೆ ಕೆತ್ತಬೇಕಾದಾಗ ನನ್ನ ಮುಖವೂ ಹಾಗೇ ಇರುತ್ತದೆ. "ಆಗಲಿ" ಅಂದಳು.

ಆಟ ಮುಂದುವರಿಯಿತು. ವಕೀಲರು ಗಂಟೆಗೆ ಮುಂಚೆ ಬಟ್ಟಲನ್ನು ತೇಲು ಗುಳಿಗೆ ಸುರಿದು, ಮಣಿ ಗುಡ್ಡೆ ಹಾಕಿಕೊಂಡು, ನಗುನಗುತ್ತ ಎದ್ದು ಅಳಿಯನ ಜಾಗದಲ್ಲಿ ಕೂತರು. ಕೂತವರ ನಗು ಇಳಿಯಿತು.

"ಏನ್ರೀ ಇದು, ಏನೂ ಬಿಟ್ಟಿಲ್ಲ?"

"ನೀವು ಬಿಟ್ಟು ಬಂದ್ರಾ?"

"ನೀವು ಬಿಡಲ್ಲ ಅಂತ ಗೊತ್ತಿತ್ತು. ಅದಕ್ಕೇ ಬಿಡಲಿಲ್ಲ."

"ನಾನೂ ಅದಕ್ಕೇ" ಅಂದ ಅಳಿಯ.

ಡಾಕ್ಟರು ಆಳದ ಗುಳಿಗೆ ಒಂದು ಬೀಜ ಹಾಕಿದ್ದರು. ಅವರ ಹಿಂದೆ ಬಂದ ಹೆಡ್‌ಮೇಡಂ ಅದನ್ನು ನೋಡಲೇ ಇಲ್ಲ. ಮುಂದಿನ ಗಂಟೆಗೆ ತಂಗಿ ಆ ಬೀಜವನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟಳು. ಡಾಕ್ಟರು ಅದನ್ನೇ ಬಹಳ ಹೊತ್ತು ನೋಡುತ್ತಿದ್ದರು. ದೊಡ್ಡಮ್ಮ ಮಾತ್ರ ಕೂತಲ್ಲೇ ಕೂತು, ಎಣಿಸಿ ಎಣಿಸಿ, ಆಳದ ಗುಳಿಗೆ ಹಾಕಿ, ಪ್ರತಿ ಸುತ್ತಿನಲ್ಲೂ ಕಾಪಾಡಿದರು. ಐದನೆಯ ಗಂಟೆಗೆ ನಡುವಿನ ಒರತೆಯಲ್ಲಿ ಒಂದೇ ಒಂದು ನೀಲಿ ಮಣಿ ಇತ್ತು, ಅವರದು. ಮೂರು ಬೇಕಿತ್ತು.

"ಒರತೆ ಬತ್ತಿತು" ಅಂದಳು ತಂಗಿ.

"ನಾನು ಸರಿಯಾಗಿ ಆಡಿದೀನಿ. ನೀವು ನಾಲ್ಕು ಜನ ಸೇರಿ ತೊಳೆದಿಟ್ರಿ" ಅಂದರು ದೊಡ್ಡಮ್ಮ.

ಅಳಿಯ ತಲೆ ತಗ್ಗಿಸಿ ಮಣಿಗಳನ್ನು ಜೋಡಿಸುತ್ತಿದ್ದವನು ಹಾಗೇ ಹೇಳಿದ, "ನಿಮಗೆ ಯಾರೂ ಏಳಿ ಅನ್ನಲಿಲ್ಲವಲ್ಲ ಅತ್ತೆ. ಏಳೋದಿಲ್ಲ ಅಂದ್ರೆ ಯಾರು ಬೇಕಾದ್ರೂ ದೂರ ನೋಡ್ತಾರೆ."

ಅವನಿಗೇ ಭಯವಾಗಿರಬೇಕು, ಕಿವಿ ಕೆಂಪಾಗಿತ್ತು. ದೊಡ್ಡಮ್ಮ ಸಿಟ್ಟಾಗಲಿಲ್ಲ. ತಂಗಿಯ ಕಡೆ ತಿರುಗಿದರು.

"ನಾನು ಯಾಕೆ ಒಂದೊಂದೇ ವರ್ಷ ಅಂತ ಕೊಡ್ತೀನಿ, ಗೊತ್ತೇನಮ್ಮ? ನಿನ್ನ ಚಾರ್ಟು ನನಗೆ ಮೊದಲ ಸಲಾನೇ ಅರ್ಥ ಆಗಿತ್ತು. ಹದಿನೈದು ವರ್ಷ ಅಂತ ಬರೆದುಬಿಟ್ರೆ ನಾನು ಎದ್ದ ಮೇಲೆ ಅದು ಇವರ ಕೈಗೆ ಹೋಗುತ್ತೆ. ಈಗ ನೋಡಿದ್ಯಲ್ಲ ಇವರ ಕೈ."

ನನಗೆ ಅವಳ ಒಂಬತ್ತು ವರ್ಷ ಆ ಮೇಜಿನ ಮೇಲೆ ಬಿದ್ದಿರುವ ಹಾಗೆ ಕಂಡಿತು. ಆಟವೇ ಅವಳ ವಿರುದ್ಧ ಸಾಕ್ಷಿ ಹೇಳಿತ್ತು.

ದೊಡ್ಡಮ್ಮ ಹಿಂದಕ್ಕೆ ಒರಗಿದರು. ಕುರ್ಚಿ ಕಿರ್ ಅಂದಿತು.

ಬೆಳಗ್ಗಿನಿಂದ ಆ ಸದ್ದು ಕೇಳುತ್ತಿದ್ದೆ. ಸಂಗೀತದವರಿಗೆ ಅಪಸ್ವರ ಹೇಗೋ ನಮಗೆ ಸಡಿಲ ಕೀಲು ಹಾಗೆ. ಅದೂ ಅಪ್ಪನ ಕುರ್ಚಿ. ನನಗೆ ತಡೆಯಲಾಗಲಿಲ್ಲ.

"ಅಮ್ಮ, ಒಂದ್ನಿಮಿಷ ಎದ್ದೇಳ್ತೀರಾ? ಹಿಂದಿನ ಕಾಲಿನ ಬೆಣೆ ಸಡಿಲ ಆಗಿದೆ. ಇದು ನಮ್ಮಪ್ಪ ಮಾಡಿದ್ದು."

ವಕೀಲರು ನನ್ನನ್ನು ದುರುಗುಟ್ಟಿ ನೋಡಿದರು. ದೊಡ್ಡಮ್ಮ ಕೇಳಿದರು, "ನೀನು ಅವನ ಮಗನಾ?" ಮೇಜಿಗೆ ಕೈಯೂರಿ ಎದ್ದರು. ನಿಲ್ಲಲಾಗದೆ, ಪಕ್ಕದವರು ಎದ್ದು ಬಿಟ್ಟುಕೊಟ್ಟ ಕುರ್ಚಿಯಲ್ಲಿ ಕೂತರು.

ಕುರ್ಚಿಯನ್ನು ಬೋರಲು ಹಾಕಿದೆ. ಅಪ್ಪ ಕಾಲಿನ ಕೀಲಿಗೆ ಮೊಳೆ ಹೊಡೆಯುತ್ತಿರಲಿಲ್ಲ, ಅಂಟು ಹಾಕುತ್ತಿರಲಿಲ್ಲ. ತಟ್ಟಿದರೆ ಬಿಚ್ಚುವಂಥ ಬೆಣೆ ಕೊಡುತ್ತಿದ್ದ. ಹಳೆಯ ಬೆಣೆ ಸವೆದು ಕಡ್ಡಿಯಾಗಿತ್ತು. ಕೂರುವ ಹಲಗೆಯ ಅಡಿಗೆ ಬೆರಳಾಡಿಸಿದೆ. ಅಲ್ಲಿ ಒಂದು ಸಣ್ಣ ತೋಡು, ಅದರೊಳಗೆ ಮೇಣ ಸವರಿ ಸಿಕ್ಕಿಸಿದ ಇನ್ನೊಂದು ಬೆಣೆ. ಇರುತ್ತದೆ ಅಂತ ಗೊತ್ತಿತ್ತು. ಆದರೂ ಕೈಗೆ ಸಿಕ್ಕಾಗ ಬೆಳಕಿಗೆ ಹಿಡಿದು ನೋಡಿದೆ. ಬೆಣೆಯ ಮೇಲೆ ಅಪ್ಪನ ಗುರುತು, ಒಂದರ ಪಕ್ಕ ಒಂದು ಎರಡು ಗೀಟು.

"ಅದೇನದು?" ಅಂದರು ದೊಡ್ಡಮ್ಮ.

"ಬದಲಿ ಬೆಣೆ ಅಮ್ಮ. ನಲವತ್ತು ವರ್ಷಕ್ಕೊಂದು ಸಲ ಬೇಕಾಗುತ್ತೆ. ಆಗ ಬರೋ ಬಡಗಿ ಹುಡುಕಾಡಬಾರದು ಅಂತ ಮಾಡುವಾಗಲೇ ಇಟ್ಟುಬಿಡ್ತೀವಿ."

"ಬರೋನು ನೀನೇ ಅಂತ ಅವನಿಗೆ ಗೊತ್ತಿತ್ತಾ?"

"ಹೇಗೆ ಗೊತ್ತಿರುತ್ತೆ? ನಾನಾಗ ಮೂರು ವರ್ಷದೋನು. ಬಡಗಿ ಆಗ್ತೀನೋ ಕಳ್ಳ ಆಗ್ತೀನೋ."

"ಕೆಲಸ ಬಾರದೋನು ಬಂದು ಮೊಳೆ ಹೊಡೆದಿದ್ರೆ?"

"ಹೊಡೀಬಹುದಿತ್ತು. ಅದಕ್ಕೆ ಬೆಣೆ ಇಡದೆ ಇರೋಕಾಗುತ್ತಾ?"

ನಾನು ಆ ಬೆಣೆಯನ್ನು ಕೀಲಿಗೆ ಕೂರಿಸಿ, ಹೆಗಲಚೀಲದಲ್ಲಿದ್ದ ಮರದ ಕೊಡತಿಯಿಂದ ಮೂರು ಸಲ ತಟ್ಟಿದೆ. ಕಾಲು ಕಚ್ಚಿಕೊಂಡಿತು. ಕುರ್ಚಿಯನ್ನು ನೆಟ್ಟಗಿಟ್ಟು, ಕೈಯೂರಿ ಅಲುಗಿಸಿದೆ. ಸದ್ದಿಲ್ಲ. ಅಪ್ಪ ನಿಂತಿದ್ದರೆ ಬೆನ್ನು ತಟ್ಟುತ್ತಿರಲಿಲ್ಲ, ಅವನ ಜಾಯಮಾನ ಅದಲ್ಲ. "ಹೂಂ" ಅನ್ನುತ್ತಿದ್ದ. ಆ "ಹೂಂ" ನನಗೆ ಕೇಳಿಸಿದಂತಾಯಿತು.

ದೊಡ್ಡಮ್ಮ ಕುರ್ಚಿಯ ಕಡೆ ನೋಡಲಿಲ್ಲ. ತಾವು ಕೂತ ಜಾಗದಲ್ಲಿದ್ದ ಖಾಲಿ ಬಟ್ಟಲನ್ನು ನೋಡುತ್ತಿದ್ದರು.

"ಮೊದಲಿಂದ ಆಡೋಣ" ಅಂದರು. "ಈ ಸಲ ನಾನೂ ಏಳ್ತೀನಿ. ಡಾಕ್ಟರೇ, ಮಂಡಿ ಕೈಕೊಟ್ರೆ ನೀವಿದೀರಿ."

ಮತ್ತೆ ಬೀಜ ತುಂಬಿದೆವು, ಉಳಿದ ನಾಲ್ವರು ಸಿಕ್ಕ ಸಿಕ್ಕ ಜಾಗದಲ್ಲಿ ಕೂತರು. ಮೊದಲ ಸುತ್ತಿಗೆ ಅವರು ತಮ್ಮ ಕುರ್ಚಿಯಲ್ಲೇ ಕೂತು, ಆಳದ ಗುಳಿಗೆ ಒಂದು ಬೀಜ ಹಾಕಿದರು. ತೇಲು ಗುಳಿಯ ಕಡೆ ಕೈ ಹೋಯಿತು, ನಿಂತಿತು, ಹಿಂದೆ ಬಂತು. ಗಂಟೆ. ಎದ್ದರು. ವಕೀಲರು ಆ ಕುರ್ಚಿಯ ಅಂಚಿನಲ್ಲಿ, ಮೊಟ್ಟೆಯ ಮೇಲೆ ಕೂತ ಹಾಗೆ ಕೂತರು. ಬಟ್ಟಲು ನೋಡಿ, ಗುಳಿ ನೋಡಿ, ಒಂದು ಬೀಜ ಜೊತೆಗೆ ಹಾಕಿದರು. ಸಭೆಯಲ್ಲಿ ಅವರಿಗೆ ಮಾತು ಸಿಗದ್ದು ಅದೇ ಮೊದಲಂತೆ, ಆಮೇಲೆ ತಂಗಿ ಹೇಳಿದಳು.

ಮೂರನೆಯ ಸುತ್ತಿಗೆ ಅಲ್ಲಿಗೆ ಅಳಿಯ ಬಂದ. ಅವನು ಆ ಸುತ್ತಿನಲ್ಲಿ ಕಾಪಾಡದಿದ್ದರೆ ಗಿಡ ಹೋಯಿತು. ಅವನ ಜೇಬಿನಲ್ಲಿ ಆಗ ಒಂದೂ ಕೆಂಪು ಮಣಿ ಇರಲಿಲ್ಲ, ಉಳಿದವರೆಲ್ಲರ ಬಳಿ ಒಂದೆರಡು ಇದ್ದವು. ಎದುರಿಗೆ ದೊಡ್ಡಮ್ಮ, ಇನ್ಯಾರದೋ ಗುಳಿಗೆ ಬೀಜ ಹಾಕುತ್ತ, ಕಣ್ಣು ಮಾತ್ರ ಇವನ ಬೆರಳ ಮೇಲೆ. ಮಾತಾಡಲಿಲ್ಲ. ಮಾತಾಡದೆ ಇರುವುದು ಅವರಿಗೆ ಎಷ್ಟು ಕಷ್ಟವಾಗಿರಬೇಕು ಅಂತ ಅವರ ತುಟಿ ಹೇಳುತ್ತಿತ್ತು. ಅಳಿಯ ಬೀಜವನ್ನು ಬೆರಳ ನಡುವೆ ಉರುಳಿಸಿದ, ತೇಲು ಗುಳಿಯ ಮೇಲೆ ಹಿಡಿದ. ಆಮೇಲೆ ಕೈ ಮುಂದೆ ಚಾಚಿ ಆಳದ ಗುಳಿಗೆ ಹಾಕಿದ.

"ಫೋಟೋ ಬೇಡ್ವೇನಪ್ಪ?" ಅಂದರು ಹೆಡ್‌ಮೇಡಂ.

"ಇರೋ ಫೋಟೋನೇ ಗೋಡೆ ಹಿಡೀತಿಲ್ಲ" ಅಂದ ಅವನು.

ಐದನೆಯ ಗಂಟೆಗೆ ದೊಡ್ಡಮ್ಮ ಮೇಜು ಸುತ್ತಿ ತಮ್ಮ ಕುರ್ಚಿಗೆ ವಾಪಸು ಬಂದರು. ಅವರು ಹದಿನೈದು ವರ್ಷದ ಹಿಂದೆ ಹಾಕಿಹೋದ ಬೀಜ ನಾಲ್ಕು ಕೈ ದಾಟಿ, ನೀಲಿ ಮಣಿಯಾಗಿ ಒರತೆಗೆ ಇಳಿದಿತ್ತು. ಒರತೆಯಲ್ಲಿ ಒಟ್ಟು ನಾಲ್ಕು ಮಣಿ. ಐದನೆಯದು ವಕೀಲರ ಕಡೆ ಬತ್ತಿತ್ತು. ಅದು ಯಾರ ತಪ್ಪು ಅಂತ ವಕೀಲರೂ ಹೆಡ್‌ಮೇಡಮ್ಮೂ ವಾದಕ್ಕೆ ನಿಂತರು. ಅದು ಇವತ್ತಿಗೂ ಮುಗಿದಿಲ್ಲವಂತೆ.

ದೊಡ್ಡಮ್ಮ ಒಂದು ನೀಲಿ ಮಣಿ ಎತ್ತಿ ಅಂಗೈಯಲ್ಲಿಟ್ಟುಕೊಂಡರು. "ಬರೀರಿ ವಕೀಲರೇ. ಬೋಳುಬೆಟ್ಟಕ್ಕೆ ಹದಿನೈದು ವರ್ಷ, ಕಾವಲು ಸಮೇತ. ಮೂರು ವರ್ಷಕ್ಕೊಮ್ಮೆ ನಾವೇ ಹೋಗಿ ಹತ್ತಿ ನೋಡ್ಬೇಕು. ನನ್ನ ಮಂಡಿ ಒಪ್ಪದಿದ್ರೆ ನಮ್ಮ ಅಳಿಯ ಹತ್ತಲಿ. ಮತ್ತೆ, ಮುಂದೆ ಈ ಮೇಜಿಗೆ ಯಾರೇ ಹೊಸಬರು ಬಂದ್ರೂ ಮೊದಲು ಈ ಆಟ ಆಡಿ ಆಮೇಲೆ ಕೂರಬೇಕು. ಹಲಗೆ ಇಲ್ಲೇ ಇರಲಿ."

ತಂಗಿ ತಲೆಯಾಡಿಸಿ, ಬೀಜಗಳನ್ನು ಬಟ್ಟಲಿಗೆ ತುಂಬತೊಡಗಿದಳು. ಒಂದೊಂದು ಬಟ್ಟಲಿಗೂ ಎಣಿಸಿ ಎಣಿಸಿ, ಮುಖ ಮೇಲೆತ್ತದೆ. ಆ ಕೋಣೆಯಲ್ಲಿ ಅವಳು ಅಳಲಾರಳು ಅಂತ ನನಗೆ ಗೊತ್ತಿತ್ತು.

ಹೊರಡುವಾಗ ದೊಡ್ಡಮ್ಮ ನನ್ನನ್ನು ಕರೆದರು. "ಇದ್ದ ಬೆಣೆ ಖರ್ಚು ಮಾಡಿದ್ಯಲ್ಲಪ್ಪ. ಇನ್ನೊಂದು ಇಟ್ಯಾ?"

ಇಟ್ಟಿದ್ದೆ. ಅವರು ಎರಡನೆಯ ಆಟ ಆಡುತ್ತಿದ್ದಾಗ ಕಿಟಕಿಯ ಬಳಿ ಕೂತು, ಬೆಟ್ಟದ ಹಲಗೆಯಿಂದ ಉಳಿದು ಚೀಲದಲ್ಲಿದ್ದ ತುಂಡಿನಲ್ಲಿ ಕೆತ್ತಿ, ಆಟ ಮುಗಿದು ಅವರು ಎದ್ದಾಗ ತೋಡಿಗೆ ಸಿಕ್ಕಿಸಿದ್ದೆ. ನನ್ನ ಗುರುತು ಮೂರು ಗೀಟು.

ಸಂಜೆಯ ಬಸ್ಸಿಗೆ ಅದೇ ಕಂಡಕ್ಟರ್. ನಮ್ಮ ಖಾಲಿ ಕೈ ನೋಡಿದ.

"ಏನಕ್ಕ, ಬೆಟ್ಟ ಎಲ್ಲಿ?"

"ಅಲ್ಲೇ ಬಿಟ್ಟು ಬಂದ್ವಿ" ಅಂದಳು. ಕಿಟಕಿಯ ಕಡೆ ತಿರುಗಿ ಕೂತವಳು ಒಂದು ಹರದಾರಿ ದಾಟಿದ ಮೇಲೆ ಕೇಳಿದಳು, "ಅಣ್ಣ, ಕುರ್ಚಿ ವಿಷಯ ಬೇಕಂತಲೇ ಮಾಡಿದ್ಯಾ?"

"ಕಿರ್ ಅಂತಿತ್ತು ಕಣೇ, ಅಷ್ಟೇ."

"ಹೂಂ" ಅಂದಳು. ಥೇಟ್ ಅಪ್ಪನ ಹಾಗೆ.